ಮನೆಯಲ್ಲೇ ಕಟ್ಟುವ ಜೀಪ್ ಬಂಪರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ತೋಟದ ದಾರಿ, ಕಾಡುದಾರಿಯಲ್ಲಿ ಓಡುವ ಜಿಪ್ಸಿ, ಜೀಪುಗಳಿಗೆ ಕಡಿಮೆ ಖರ್ಚಿನಲ್ಲಿ ಕಬ್ಬಿಣದ ಬಂಪರ್ ಮಾಡಿಕೊಳ್ಳುವ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನನ್ನದು 2008ರ ಜಿಪ್ಸಿ. ತೋಟದ ಓಡಾಟಕ್ಕೆ, ಬಿಡುವಿದ್ದಾಗ ಆಫ್‌ರೋಡಿಗೆ ಬಳಸುತ್ತೇನೆ. ಮುಂದಿನ ಬಂಪರ್ ತುಕ್ಕು ಹಿಡಿದು ನೆಗ್ಗಿಹೋಗಿದೆ. 200 ಆಂಪ್‌ನ ಇನ್ವರ್ಟರ್ ವೆಲ್ಡಿಂಗ್ ಮಷಿನ್, 4 ಇಂಚಿನ ಗ್ರೈಂಡರ್ ಇವೆ. ಗೇಟು, ಕಿಟಕಿ ಗ್ರಿಲ್ ಮಾಡಿ ಕೈ ಪಳಗಿದೆ. 5 ಸಾವಿರ ರೂಪಾಯಿಯೊಳಗೆ ಬಂಪರ್ ಆಗುತ್ತದೆಯೇ? 6 ಮಿ.ಮೀ. ಪ್ಲೇಟಿನಲ್ಲೇ ಮಾಡಿದರೆ ಗಟ್ಟಿಯಲ್ಲವೇ?
— ಓದುಗರು, ಮೂಡಿಗೆರೆ

ಉತ್ತರ: ಆಗುತ್ತದೆ. ಆದರೆ 6 ಮಿ.ಮೀ. ಪ್ಲೇಟಿನ ಯೋಚನೆ ಬಿಡಿ. ಮನೆಯಲ್ಲಿ ಮಾಡಿದ ಬಂಪರ್ ಸೋಲುವುದು ಸಾಮಾನ್ಯವಾಗಿ ಮುಂದಿನ ಮುಖದಲ್ಲಲ್ಲ, ಅದನ್ನು ಛಾಸಿಗೆ ಹಿಡಿಸುವ ಬ್ರಾಕೆಟ್ಟಿನಲ್ಲಿ ಮತ್ತು ಬೋಲ್ಟಿನಲ್ಲಿ. ಮುಖಕ್ಕೆ ಭಾರದ ಪ್ಲೇಟು ಹೊಡೆದು ಅದನ್ನು ಎರಡು ಮಾಮೂಲಿ ಬೋಲ್ಟಿಗೆ ನೇತುಹಾಕಿದರೆ ಹಣ, ಕಬ್ಬಿಣ ಎರಡೂ ತಪ್ಪು ಜಾಗಕ್ಕೆ ಹೋದಂತೆ.

ತೂಕದ ಲೆಕ್ಕ ಮೊದಲು ನೋಡಿ. ಬಂಪರ್ ಮುಂದಿನ ಆಕ್ಸಲ್‌ಗಿಂತ ಮುಂದಕ್ಕೆ ಚಾಚಿಕೊಂಡಿರುತ್ತದೆ. ಆಕ್ಸಲ್‌ನಿಂದ 60 ಸೆಂ.ಮೀ. ಮುಂದೆ 40 ಕೆ.ಜಿ. ಕೂತರೆ ಆಕ್ಸಲ್ ಮೇಲೆ ಬೀಳುವುದು 40 ಅಲ್ಲ, 50 ಕೆ.ಜಿ. ಜಿಪ್ಸಿಯ ವೀಲ್‌ಬೇಸ್, ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗಿರುವ ದೂರ, 2375 ಮಿ.ಮೀ. 600ನ್ನು ಅದರಿಂದ ಭಾಗಿಸಿದರೆ ಸರಿಸುಮಾರು ಕಾಲು ಬರುತ್ತದೆ. ಬಂಪರಿನ ತೂಕದ ಆ ಕಾಲು ಭಾಗ ಮುಂದೆ ಹೆಚ್ಚುವರಿಯಾಗಿ ಸೇರುತ್ತದೆ, ಅಷ್ಟೇ ತೂಕ ಹಿಂದಿನ ಚಕ್ರದ ಮೇಲಿಂದ ಕಳೆಯುತ್ತದೆ. ಸುಮಾರು ಒಂದು ಟನ್ ತೂಗುವ ಗಾಡಿಗೆ ಇದು ಸಣ್ಣ ಮಾತಲ್ಲ. ಮೂತಿ ತಗ್ಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಸ್ಪ್ರಿಂಗ್ ಪ್ಲೇಟುಗಳು ಬೇಗ ಸೋಲುತ್ತವೆ. ಇಡೀ ಬಂಪರ್ 25 ಕೆ.ಜಿ. ಆಸುಪಾಸಿನಲ್ಲಿ ಮುಗಿಯಬೇಕು.

ಅದಕ್ಕೆ ಸರಿಯಾದ ಮಾಲು 4×2 ಇಂಚಿನ ಬಾಕ್ಸ್ ಪೈಪು, 4 ಮಿ.ಮೀ. ದಪ್ಪದ್ದು. ಅಂಗಡಿಯಲ್ಲಿ 4×2 ಅಂದರೂ ಟೇಪು ಹಿಡಿದರೆ ಸಾಮಾನ್ಯವಾಗಿ 96×48 ಮಿ.ಮೀ. ಇರುತ್ತದೆ. ನಿಮ್ಮ ಅಳತೆಗಳನ್ನು ಇದರ ಮೇಲೇ ಹಾಕಿ. ಮೀಟರಿಗೆ ಸುಮಾರು 8 ಕೆ.ಜಿ. ತೂಗುತ್ತದೆ, 1.5 ಮೀಟರಿಗೆ 12 ಕೆ.ಜಿ. ಇದನ್ನು ಬಗ್ಗಿಸಲು ಪ್ರೆಸ್ ಬೇಡ. ಇದೇ ಕೆಲಸವನ್ನು 6 ಮಿ.ಮೀ. ಪ್ಲೇಟಿನಲ್ಲಿ ಮಾಡಿದರೆ ಬರೀ ಹೊರಮೈಗೇ ಸುಮಾರು 19 ಕೆ.ಜಿ. ಆಗುತ್ತದೆ, ಬೆಂಡ್ ಹೊಡೆಸಲು ಪೇಟೆಗೂ ಹೋಗಬೇಕು.

ಉಳಿದ ಮಾಲು ಇಷ್ಟು: ಛಾಸಿ ತುದಿಗೆ ಕೂರುವ 8 ಮಿ.ಮೀ. ಪ್ಲೇಟು ಎರಡು, 150×120 ಅಳತೆ. ಬ್ರಾಕೆಟ್ಟಿಗೆ 6 ಮಿ.ಮೀ.ನ ನಾಲ್ಕು ತ್ರಿಕೋನ ಗಸೆಟ್ (ಮೂಲೆಗೆ ಬಲ ಕೊಡುವ ತುಂಡು). ಎಳೆಯುವ ಕಿವಿಗಳಿಗೆ (ಸಿಕ್ಕಿಬಿದ್ದ ಗಾಡಿ ಎಳೆಯಲು ಹಗ್ಗ ಸಿಕ್ಕಿಸುವ ಜಾಗ) 20 ಮಿ.ಮೀ. ಪ್ಲೇಟಿನ ಎರಡು ತುಂಡು, 80×250 ಅಳತೆ. ತುದಿ ಮುಚ್ಚಲು 4 ಮಿ.ಮೀ. ತುಂಡುಗಳು. ದಪ್ಪ ಪ್ಲೇಟಿನ ತುಂಡುಗಳು ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ತೂಕದ ಮೇಲೆ ಸಿಗುತ್ತವೆ, ಹೊಸ ಪ್ಲೇಟು ಕೊಳ್ಳಬೇಡಿ. ಕಬ್ಬಿಣವನ್ನು ಕೆ.ಜಿ.ಗೆ 70 ರೂಪಾಯಿ ಹಿಡಿದರೆ 25 ಕೆ.ಜಿ.ಗೆ 1,750 ರೂಪಾಯಿ. ರಾಡು, ಕಟಿಂಗ್ ಡಿಸ್ಕು, ಬೋಲ್ಟು, ಪ್ರೈಮರ್, ಪೇಂಟು ಸೇರಿಸಿದರೂ 5 ಸಾವಿರ ದಾಟುವುದಿಲ್ಲ. ಆ ಹಣದಲ್ಲಿ ಬೋಲ್ಟಿನ ಪಾಲನ್ನು ಮಾತ್ರ ಉಳಿಸಲು ಹೋಗಬೇಡಿ. ತಲೆಯ ಮೇಲೆ 8.8 ಎಂದು ಅಚ್ಚಾಗಿರುವ ಎಂ12 ಬೋಲ್ಟು, ನೈಲಾಕ್ ನಟ್ಟು (ಅಲುಗಾಟಕ್ಕೆ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು), ದಪ್ಪ ವಾಷರ್ ತನ್ನಿ. ತಲೆ ಮೇಲೆ ಅಂಕಿಯೇ ಇಲ್ಲದ ಬೋಲ್ಟು ಬೇಡ.

ಕೆಲಸ ಬ್ರಾಕೆಟ್ಟಿನಿಂದ ಶುರುವಾಗಲಿ, ಬಾಕ್ಸಿನಿಂದ ಅಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಳೆ ಬಂಪರ್ ಬಿಚ್ಚಿ, ಛಾಸಿ ತುದಿಯನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗಿಳಿಯುವಷ್ಟು ತುಕ್ಕು ತಿಂದಿದ್ದರೆ ಮೊದಲು ಛಾಸಿ ರಿಪೇರಿ, ಬಂಪರ್ ಆಮೇಲೆ. ಗಟ್ಟಿಯಿದ್ದರೆ ರಟ್ಟು ಕತ್ತರಿಸಿ ಅಚ್ಚು ತೆಗೆಯಿರಿ. ಕಂಪನಿಯ ತೂತುಗಳನ್ನು ರಟ್ಟಿನ ಮೇಲೆ ಬೆರಳಲ್ಲಿ ಒತ್ತಿದರೆ ಗುರುತು ಮೂಡುತ್ತದೆ. ಆದಷ್ಟೂ ಆ ತೂತುಗಳನ್ನೇ ಬಳಸಿ. ಹೊಸ ತೂತು ಅನಿವಾರ್ಯವಾದರೆ ಛಾಸಿಯ ಪಕ್ಕದ ಗೋಡೆಗೆ ಡ್ರಿಲ್‌ನಲ್ಲಿ ಕೊರೆಯಿರಿ. ಮೇಲಿನ ಅಥವಾ ಕೆಳಗಿನ ಅಂಚಿನ ಪಟ್ಟಿಗೆ ಕೊರೆಯಬಾರದು, ಬಾಗುವ ಒತ್ತಡ ಹೆಚ್ಚು ಬೀಳುವುದು ಅಲ್ಲೇ. ಗ್ಯಾಸ್ ಕಟರಿನಲ್ಲಿ ತೂತು ಸುಡುವುದಂತೂ ಬೇಡವೇ ಬೇಡ.

ಬೋಲ್ಟು ಟೊಳ್ಳು ಪೆಟ್ಟಿಗೆಯ ಮೂಲಕ ಹಾಯುವಲ್ಲೆಲ್ಲ ಒಳಗೆ ಒಂದು ಬುಷ್ ಇರಬೇಕು. ಬೋಲ್ಟು ಸಲೀಸಾಗಿ ಹೋಗುವ ದಪ್ಪ ಪೈಪಿನ ತುಂಡನ್ನು ಪೆಟ್ಟಿಗೆಯ ಒಳ ಅಗಲಕ್ಕೆ ಸರಿಯಾಗಿ ಕತ್ತರಿಸಿ ಕೂರಿಸಿ. ಇಲ್ಲದಿದ್ದರೆ ನಟ್ಟು ಬಿಗಿದಷ್ಟೂ ಗೋಡೆಗಳು ಒಳಗೆ ಕುಸಿಯುತ್ತವೆ, ಬಿಗಿ ಎಂದಿಗೂ ನಿಲ್ಲುವುದಿಲ್ಲ. ಒಂದು ವಾರ ಓಡಿದ ಮೇಲೆ ಬಂಪರ್ ಲೊಡಲೊಡ ಅನ್ನುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಬ್ರಾಕೆಟ್ಟುಗಳು ಛಾಸಿಗೆ ಬಿಗಿಯಾಗಿ ಕೂತ ಮೇಲೆ ಬಾಕ್ಸಿಗೆ ಬನ್ನಿ. ನಡುವಿನ ಭಾಗ 900 ಮಿ.ಮೀ. ನೇರ, ಎರಡೂ ಕಡೆ 250ರಿಂದ 270 ಮಿ.ಮೀ. ರೆಕ್ಕೆ, ರೆಕ್ಕೆ 20 ಡಿಗ್ರಿ ಹಿಂದಕ್ಕೆ ಬಾಗಿರಲಿ. ಬಗ್ಗಿಸುವ ಬಗೆ ಹೀಗೆ: ಮುಂದಿನ ಗೋಡೆಯನ್ನು ಕೊಯ್ಯದೆ ಬಿಟ್ಟು, ಮೇಲಿನ, ಕೆಳಗಿನ ಮತ್ತು ಹಿಂದಿನ ಗೋಡೆಯಿಂದ ವಿ ಆಕಾರದ ತುಂಡು ತೆಗೆಯಬೇಕು. ವಿ ಚೂಪು ಮುಂದಿನ ಗೋಡೆಯ ಒಳಮೈಗೆ ಮುಟ್ಟಲಿ. ಆಳ 44 ಮಿ.ಮೀ. ಆದ್ದರಿಂದ ಹಿಂಬದಿಯಲ್ಲಿ ಅಗಲ ಸುಮಾರು 15.5 ಮಿ.ಮೀ. ಬರುತ್ತದೆ. ಮೊದಲು 14ಕ್ಕೆ ಕೊಯ್ದು, ಬಗ್ಗಿಸಿ ನೋಡಿ, ಗ್ರೈಂಡರಿನಲ್ಲಿ ಸವರುತ್ತ ಬನ್ನಿ. ಹೆಚ್ಚು ಕೊಯ್ದ ಸಂದನ್ನು ರಾಡಿನಿಂದ ತುಂಬಿದರೆ ಅದು ಜೋಡಣೆಯಲ್ಲ, ತೇಪೆ. ರೆಕ್ಕೆಯ ತುದಿಯ ಕೆಳಮೂಲೆಯನ್ನೂ ಓರೆಯಾಗಿ ಕೊಯ್ದುಬಿಡಿ, ದರೆ ಹತ್ತುವಾಗ ಟೈರಿಗಿಂತ ಮೊದಲು ಬಂಪರ್ ಮಣ್ಣಿಗೆ ತಾಗಬಾರದು. ಟೈರು ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳ ಅಂಚಿಗೆ ಒಂದು ದಾರ ಎಳೆದು ಹಿಡಿದರೆ ಎಷ್ಟು ಕಡಿದಾದ ದರೆ ಹತ್ತಬಹುದೆಂದು ಕಣ್ಣಿಗೇ ಕಾಣುತ್ತದೆ.

ಬಾಕ್ಸನ್ನು ಜಾಕು, ಮರದ ತುಂಡುಗಳ ಮೇಲೆ ಕೂರಿಸಿ ಬ್ರಾಕೆಟ್ಟಿಗೆ ತಾಗಿಸಿ. ಬಾಡಿಗೂ ಬಂಪರಿಗೂ ನಡುವೆ 20–25 ಮಿ.ಮೀ. ಸಂದು ಬಿಡಲೇಬೇಕು. ಬಾಡಿ ಕೂತಿರುವುದು ರಬ್ಬರ್ ಬುಷ್‌ಗಳ ಮೇಲೆ, ಬಂಪರ್ ಕೂತಿರುವುದು ಛಾಸಿ ಮೇಲೆ. ಹಳ್ಳ ಇಳಿಯುವಾಗ ಎರಡೂ ಬೇರೆ ಬೇರೆ ಅಲುಗುತ್ತವೆ. ಬಂಪರ್ ನೇರವಾಗಿದೆಯೇ ಎಂಬುದನ್ನು ಬಾನೆಟ್ ನೋಡಿ ತೀರ್ಮಾನಿಸಬೇಡಿ. ಎರಡೂ ಕಡೆ ಮುಂದಿನ ಸ್ಪ್ರಿಂಗ್ ಬೋಲ್ಟಿನಿಂದ ಬಾಕ್ಸಿನ ತುದಿಗೆ ಅಳೆದು ಸಮ ಮಾಡಿ.

ಗಾಡಿಯ ಮೇಲೆ ಟ್ಯಾಕ್ (ಹಿಡಿದು ನಿಲ್ಲಿಸುವಷ್ಟು ಚಿಕ್ಕ ಚುಕ್ಕೆ ವೆಲ್ಡ್) ಮಾತ್ರ ಹಾಕಿ, ಬದಿಗೆ ನಾಲ್ಕು ಸಾಕು. ಅದಕ್ಕೂ ಮುಂಚೆ ಬ್ಯಾಟರಿಯ ನೆಗೆಟಿವ್ ಕಳಚಿ, ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕಪ್ಲರ್ ಬಿಚ್ಚಿ, ಅರ್ತ್ ಕ್ಲಾಂಪನ್ನು ಬ್ರಾಕೆಟ್ಟಿಗೇ ಕಚ್ಚಿಸಿ. ಕ್ಲಾಂಪು ಎಂಜಿನ್ನಿಗೋ ಆಕ್ಸಲ್‌ಗೋ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹಾಯ್ದು ಅವುಗಳ ಮೈ ಕಚ್ಚಿಹಾಕುತ್ತದೆ. ಟ್ಯಾಕ್ ಆದ ಮೇಲೆ ಬಂಪರನ್ನು ಬ್ರಾಕೆಟ್ ಸಮೇತ ಬಿಚ್ಚಿ ಕೆಳಗಿಳಿಸಿ ಪೂರ್ತಿ ವೆಲ್ಡ್ ಮಾಡಿ. ಬಂಪರನ್ನು ನೇರವಾಗಿ ಛಾಸಿಗೆ ವೆಲ್ಡ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಪೆಟ್ಟು ಬಿದ್ದ ದಿನ ಬ್ರಾಕೆಟ್ಟಿನ ಬದಲು ಛಾಸಿಯೇ ಬಾಗುತ್ತದೆ. ಬ್ರಾಕೆಟ್ ಹೊಸದು ಮಾಡಬಹುದು, ಛಾಸಿ ಹಾಗಲ್ಲ.

6013 ರಾಡು ಸಾಕು, 3.15 ಮಿ.ಮೀ., 100ರಿಂದ 120 ಆಂಪ್. ಮಳೆಗಾಲದಲ್ಲಿ ಹಸಿಯಾದ ರಾಡು ಚಟಪಟ ಸಿಡಿದು ವೆಲ್ಡಿನೊಳಗೆ ಗುಳ್ಳೆ ಬಿಡುತ್ತದೆ. ಒಣಗಿದ ಪ್ಯಾಕೆಟ್ ಒಡೆಯಿರಿ. ಇನ್ನೊಂದು ಮಲೆನಾಡಿನ ತೊಂದರೆ ವೋಲ್ಟೇಜು. 110 ಆಂಪ್‌ನಲ್ಲಿ ಸುಡುವಾಗ ಮಷಿನ್ನು ಮನೆಯ ಲೈನಿನಿಂದ 20 ಆಂಪ್‌ಗೂ ಮೇಲೆ ಎಳೆಯುತ್ತದೆ. ಮಾಮೂಲಿ ತೆಳು ಎಕ್ಸ್‌ಟೆನ್ಶನ್ ವೈರು 30 ಮೀಟರ್ ಎಳೆದರೆ ರಾಡು ಅಂಟಿಕೊಳ್ಳುತ್ತದೆ, ವೆಲ್ಡ್ ಮೇಲ್ಮೈಯಲ್ಲಿ ಚೆಂದ ಕಂಡರೂ ಒಳಗೆ ಕಚ್ಚಿರುವುದಿಲ್ಲ. ಕನಿಷ್ಠ 4 ಚದರ ಮಿ.ಮೀ. ವೈರು ಬಳಸಿ, ಅಥವಾ ಕೆಲಸವನ್ನೇ ಮೀಟರ್ ಬೋರ್ಡಿನ ಹತ್ತಿರ ತನ್ನಿ.

ಒಂದೇ ಬದಿಯಿಂದ ಸರ್ರನೆ ಉದ್ದಕ್ಕೂ ಎಳೆದರೆ ಬಾಕ್ಸ್ ಬಾಳೆಹಣ್ಣಿನಂತೆ ಬಾಗುತ್ತದೆ. 40 ಮಿ.ಮೀ. ಎಡಕ್ಕೆ, 40 ಮಿ.ಮೀ. ಬಲಕ್ಕೆ, ಆಮೇಲೆ ಕೆಳಗೆ, ಹೀಗೆ ಹಂಚಿ ಹಾಕಿ. ತುದಿ ಮುಚ್ಚುವ ಮುನ್ನ ಕೆಳಗೋಡೆಯಲ್ಲಿ 8 ಮಿ.ಮೀ. ತೂತು ಕೊರೆದಿರಬೇಕು. ಪೂರ್ತಿ ಮುಚ್ಚಿದ ಪೈಪಿನೊಳಗಿನ ಗಾಳಿ ಕಾದು ಹಿಗ್ಗಿ, ಕೊನೆಯ ಒಂದು ಇಂಚು ವೆಲ್ಡ್ ಮುಚ್ಚುವಾಗ ಕರಗಿದ ಲೋಹವನ್ನೇ ಊದಿ ಹೊರಹಾಕುತ್ತದೆ. ಎಷ್ಟು ಸಲ ತುಂಬಿದರೂ ಅಲ್ಲೊಂದು ಸೂಜಿತೂತು ಉಳಿದೇ ಉಳಿಯುತ್ತದೆ.

ಇನ್ನು ಎಳೆಯುವ ಕಿವಿ. ಬಂಪರಿನಲ್ಲಿ ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದ ಭಾಗ ಇದು, ಇಲ್ಲಿ ಅವಸರ ಬೇಡ. ಬಾಕ್ಸಿನ ಮುಖದ ಮೇಲೆ ಕಿವಿಯನ್ನು ಸುಮ್ಮನೆ ಅಂಟಿಸಿದರೆ 4 ಮಿ.ಮೀ. ಗೋಡೆ ಹರಿದು ಕಿವಿ ಕಿತ್ತು ಬರುತ್ತದೆ. ಹಗ್ಗದ ತುದಿಯಲ್ಲಿ ಆ ಕಬ್ಬಿಣ ಗುಂಡಿನಂತೆ ಹಾರುತ್ತದೆ. ಬಾಕ್ಸಿನ ಮುಂದಿನ, ಹಿಂದಿನ ಎರಡೂ ಗೋಡೆಗೆ 20 ಮಿ.ಮೀ. ಸೀಳು ಕೊಯ್ದು ಕಿವಿಯನ್ನು ಆರಪಾರ ತೂರಿಸಿ, ಎರಡೂ ಗೋಡೆಗೆ ಸುತ್ತ ವೆಲ್ಡ್ ಮಾಡಿ, ಬಾಲವನ್ನು ಛಾಸಿಯ 8 ಮಿ.ಮೀ. ಪ್ಲೇಟಿಗೂ ಗಸೆಟ್ಟಿಗೂ ಕೂಡಿಸಿ. ಕಿವಿ ಛಾಸಿಯ ನೇರಕ್ಕೇ ಬರಬೇಕು. ದಪ್ಪ ತುಂಡು ಶಾಖವನ್ನೆಲ್ಲ ಹೀರಿಕೊಳ್ಳುವುದರಿಂದ ರಾಡಿನ ತುದಿಯ ಆರ್ಕನ್ನು (ಉರಿಯುವ ಕಿಡಿ) ಹೆಚ್ಚು ಹೊತ್ತು ಕಿವಿಯ ಮೇಲೆ ನಿಲ್ಲಿಸಿ, ತೆಳು ಗೋಡೆಗೆ ಬರೀ ತಾಗಿಸಿ ಬನ್ನಿ. ಒಂದು ಪದರ ಸಾಲದು, ಮೂರು ಹಾಕಿ. ಪ್ರತಿ ಪದರದ ಮೇಲಿನ ಸ್ಲ್ಯಾಗನ್ನೂ (ಗಟ್ಟಿ ಕಿಟ್ಟ) ಕುಟ್ಟಿ, ಬ್ರಷ್ ಹೊಡೆದು ಮುಂದಿನದು. ಹಗ್ಗವನ್ನು ಕಿವಿಗೆ ಸಿಕ್ಕಿಸುವ 4.75 ಟನ್ನಿನ ಬೋ ಶ್ಯಾಕಲ್‌ನ (ಪಿನ್ನಿರುವ ಬಿಲ್ಲಿನಾಕಾರದ ಕೊಂಡಿ) ಪಿನ್ನು 22 ಮಿ.ಮೀ., ಅದಕ್ಕೆ 25 ಮಿ.ಮೀ. ತೂತು. ತೂತಿನಿಂದ ಅಂಚಿಗೆ ಎಲ್ಲ ಕಡೆ 25 ಮಿ.ಮೀ.ನಷ್ಟು ಕಬ್ಬಿಣ ಉಳಿಯಲಿ, ಅಂಚು ದುಂಡಗೆ ಸವರಿ. ನಿಮ್ಮ ವೆಲ್ಡಿನ ಮೇಲೆ ಎಳ್ಳಷ್ಟು ಅನುಮಾನವಿದ್ದರೂ ಈ ಎರಡು ಜೋಡಣೆಗಳನ್ನು ಮಾತ್ರ ಅನುಭವಿ ಫ್ಯಾಬ್ರಿಕೇಟರ್ ಕೈಲಿ ಹಾಕಿಸಿ. ಗೇಟು ವೆಲ್ಡ್ ಮಾಡಿದ ಕೈ ಬಾಕ್ಸಿಗೆ ಸಾಕು, ಕಿವಿಗೆ ಸಾಲದು.

ಕೊನೆಗೆ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ 80 ನ್ಯೂಟನ್ ಮೀಟರಿಗೆ ಬಿಗಿದು, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಪ್ರಶ್ನೆ: ಬೋರ್‌ವೆಲ್‌ನಿಂದ ತೆಗೆದ ಜಿಐ ಪೈಪುಗಳೂ ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟುಗಳೂ ಮನೆಯಲ್ಲಿ ಬಿದ್ದಿವೆ. ಪೈಪಿನಿಂದ ಬಂಪರ್, ಪ್ಲೇಟಿನಿಂದ ಟೋ ಹುಕ್ಕು ಮಾಡಬಹುದಲ್ಲವೇ?
— ಓದುಗರು, ಹಿರಿಯೂರು

ಉತ್ತರ: ಪೈಪು ಆಗಬಹುದು, ಪ್ಲೇಟು ಬೇಡ.

ಸ್ಪ್ರಿಂಗ್ ಪ್ಲೇಟಿನಲ್ಲಿ ಕಾರ್ಬನ್ ಅಂಶ ಮಾಮೂಲಿ ಕಬ್ಬಿಣದ ಎರಡು ಮೂರು ಪಟ್ಟು ಇರುತ್ತದೆ. 6013 ರಾಡಿನಲ್ಲಿ ವೆಲ್ಡ್ ಹಾಕಿದ ಕೂಡಲೇ ಪಕ್ಕದ ಲೋಹ ಬೇಗ ಆರಿ ಗಾಜಿನಂತೆ ಗಡುಸಾಗುತ್ತದೆ. ವೆಲ್ಡ್ ಮುಗಿಸಿ ಚಹಾ ಕುಡಿದು ಬರುವಷ್ಟರಲ್ಲಿ ಅಂಚಿನಗುಂಟ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಕಣ್ಣಿಗೆ ಕಾಣದಿದ್ದರೂ ಮೊದಲ ಜೋರಾದ ಎಳೆತಕ್ಕೆ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟು ಮುರಿಯುವ ಮೊದಲು ಬಾಗುತ್ತದೆ; ಟೋ ಹುಕ್ಕಿಗೆ ಬೇಕಾದ ಗುಣ ಅದೇ.

ಜಿಐ ಪೈಪಿನ ಮೇಲಿನ ಸತು ಸುಟ್ಟಾಗ ಬರುವ ಬಿಳಿ ಹೊಗೆ ಉಸಿರಿಗೆ ಹೋದರೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಹಾಲು ಕುಡಿದರೆ ಏನೂ ಆಗದು ಎಂಬ ಮಾತು ವರ್ಕ್‌ಶಾಪುಗಳಲ್ಲಿದೆ, ಅದನ್ನು ನೆಚ್ಚಬೇಡಿ. ವೆಲ್ಡ್ ಆಗುವ ಜಾಗದ ಎರಡೂ ಕಡೆ 2 ಇಂಚು ಸತುವನ್ನು ಹೊರಗೂ ಒಳಗೂ ಉಜ್ಜಿ ತೆಗೆದು, ಬಯಲಿನಲ್ಲಿ, ಗಾಳಿ ಪಕ್ಕದಿಂದ ಬೀಸುವಂತೆ ನಿಂತು ಕೆಲಸ ಮಾಡಿ. ಸತು ಉಳಿದರೆ ವೆಲ್ಡಿನಲ್ಲೂ ಗುಳ್ಳೆ ಬರುತ್ತದೆ. ಬೋರಿನೊಳಗೆ ವರ್ಷಗಟ್ಟಲೆ ಇದ್ದ ಪೈಪು ಒಳಗಿಂದ ಸವೆದಿರುತ್ತದೆ. ಒಂದು ತುದಿ ಕೊಯ್ದು ದಪ್ಪ ಅಳೆಯಿರಿ. 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಬೇಲಿಗೆ ಬಳಸಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಾಡಿಸಿದ ಬಂಪರಿನಲ್ಲಿ ಬ್ರಾಕೆಟ್ ಸೇರುವ ಕಡೆ ಬಿರುಕು ಬಿಟ್ಟಿದೆ. ಮೂರು ಸಲ ವೆಲ್ಡ್ ಹಾಕಿಸಿದೆ, ಮತ್ತೆ ಮತ್ತೆ ಅದೇ ಪಕ್ಕದಲ್ಲಿ ಒಡೆಯುತ್ತದೆ. ವೆಲ್ಡರ್ ಸರಿಯಿಲ್ಲವೇ?
— ಓದುಗರು, ಸಕಲೇಶಪುರ

ಉತ್ತರ: ಮೂರು ಸಲವೂ ಪಕ್ಕದಲ್ಲೇ ಒಡೆದಿದೆ ಅಂದರೆ ವೆಲ್ಡ್ ಹಿಡಿದಿದೆ, ಅದರ ಅಂಚಿನ ಲೋಹ ಸೋತಿದೆ. ದಪ್ಪ ಬ್ರಾಕೆಟ್ಟು ತೆಳು ಬಾಕ್ಸಿಗೆ ಒಂದೇ ನೇರ ಗೆರೆಯಲ್ಲಿ ಸೇರಿದ್ದರೆ ಅಲುಗಾಟವೆಲ್ಲ ಆ ಗೆರೆಯ ಮೇಲೆ ಬೀಳುತ್ತದೆ. ಮೇಲೆ ಮೇಲೆ ರಾಡು ಹಾಕಿದಷ್ಟೂ ಅಲ್ಲಿ ಗಡುಸು ಹೆಚ್ಚಿ ಬಿರುಕು ಪಕ್ಕಕ್ಕೆ ಸರಿಯುತ್ತದೆ, ಅಷ್ಟೆ.

ಮೊದಲು ಬೋಲ್ಟು ಸಡಿಲವಿದೆಯೇ ನೋಡಿ. ಬೋಲ್ಟಿನ ಸುತ್ತ ಕೆಂಪು ಪುಡಿಯಂಥ ತುಕ್ಕು ಕಂಡರೆ ಒಳಗೆ ಉಜ್ಜಾಟ ನಡೆದಿದೆ ಎಂದೇ ಅರ್ಥ. ಬಂಪರ್ ಬಿಚ್ಚಿ, ಬಿರುಕಿನ ಎರಡೂ ತುದಿ ಹುಡುಕಿ, ತುದಿಗಿಂತ ತುಸು ಮುಂದೆ 5 ಮಿ.ಮೀ. ತೂತು ಕೊರೆಯಿರಿ. ಬಿರುಕು ಮುಂದೆ ಹರಿಯುವುದು ಅಲ್ಲಿಗೆ ನಿಲ್ಲುತ್ತದೆ. ಹಳೆ ವೆಲ್ಡನ್ನು ಪೂರ್ತಿ ಗ್ರೈಂಡ್ ಮಾಡಿ ವಿ ತೆಗೆದು ಹೊಸದಾಗಿ ತುಂಬಿಸಿ, ಸಮ ಸವರಿ. ಅದರ ಮೇಲೆ 4 ಮಿ.ಮೀ.ನ ಒಂದು ಪಟ್ಟಿ ಕೂರಿಸಬೇಕು. ಪಟ್ಟಿಯ ತುದಿಗಳು ಚೌಕವಾಗಿರದೆ ವೀಳ್ಯದೆಲೆಯಂತೆ ಚೂಪಾಗಿರಲಿ, ಚೂಪಿನ ಕೊನೆಯ 10 ಮಿ.ಮೀ. ವೆಲ್ಡ್ ಮಾಡದೆ ಬಿಡಿ. ಆಗ ಒತ್ತಡ ಒಂದೇ ಗೆರೆಯಲ್ಲಿ ನಿಲ್ಲದೆ ಬಾಕ್ಸಿನ ಉದ್ದಕ್ಕೂ ಹರಡುತ್ತದೆ.

ಪ್ರಶ್ನೆ: ಸ್ಟೀಲ್ ಬಂಪರ್ ಹಾಕಿದರೆ ಆರ್‌ಟಿಒ ತೊಂದರೆ ಇದೆಯೇ? ನನ್ನದು 2021ರ ಥಾರ್.
— ಓದುಗರು, ಬೆಂಗಳೂರು

ಉತ್ತರ: ಇದೆ, ಮತ್ತು ನಿಮ್ಮ ಗಾಡಿಗೆ ಬೇಡವೆಂದೇ ನಮ್ಮ ಸಲಹೆ. ನಿಮ್ಮ ಥಾರ್‌ನಲ್ಲಿ ಏರ್‌ಬ್ಯಾಗ್ ಇದೆ. ಮುಂಭಾಗ ಯಾವ ವೇಗದಲ್ಲಿ ಹೇಗೆ ಜಜ್ಜಿಕೊಳ್ಳುತ್ತದೆ ಎಂಬುದನ್ನು ಲೆಕ್ಕಹಾಕಿ ಸೆನ್ಸರುಗಳನ್ನು ಹೊಂದಿಸಿರುತ್ತಾರೆ. ಮುಂದೆ ಗಡುಸು ಕಬ್ಬಿಣ ನಿಂತರೆ ಆ ಲೆಕ್ಕ ತಪ್ಪುತ್ತದೆ. ಏರ್‌ಬ್ಯಾಗ್ ತಡವಾಗಿ ತೆರೆಯಬಹುದು, ಬೇಡದ ಹೊತ್ತಿನಲ್ಲೂ ತೆರೆಯಬಹುದು.

ಕಾನೂನಿನ ವಿಷಯ: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ನಿಗದಿಪಡಿಸಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆಯಿತು. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇದರ ಹಿಂದಿರುವ ಕಾರಣ ಪಾದಚಾರಿಗಳ ಪ್ರಾಣ. ಎದೆಯೆತ್ತರದ ಕಬ್ಬಿಣದ ಕೊಳವೆ ಬಡಿದರೆ ಉಳಿಯುವುದು ಕಷ್ಟ.

ಮೂಡಿಗೆರೆಯ ಓದುಗರಂಥ ಹಳೆ ಜಿಪ್ಸಿ, ಜೀಪಿನವರಿಗೂ ಇದು ಅನ್ವಯಿಸುತ್ತದೆ. ಮನೆಯಲ್ಲಿ ಮಾಡಿದ ಬಂಪರ್ ಸ್ವಂತ ಜಮೀನಿಗೆ, ತೋಟದೊಳಗಿನ ದಾರಿಗೆ, ಆಫ್‌ರೋಡ್ ಕೂಟಕ್ಕೆ. ಹೆದ್ದಾರಿಗೆ, ಎಫ್‌ಸಿಗೆ (ಆರ್‌ಟಿಒ ಫಿಟ್‌ನೆಸ್ ಪರೀಕ್ಷೆಗೆ) ಹೋಗುವಾಗ ಕಂಪನಿಯ ಬಂಪರ್ ಹಾಕಿಕೊಂಡು ಹೋಗಿ. ಬೋಲ್ಟಿನಲ್ಲೇ ಕೂರಿಸಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ: ಸ್ಪ್ಯಾನರ್ ಇದ್ದರೆ ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ಕಡಲಿನ ಹತ್ತಿರ ಇರುವವರು ನಾವು. ಪೌಡರ್ ಕೋಟಿಂಗ್ ಒಳ್ಳೆಯದೋ, ಪೇಂಟೋ?
— ಓದುಗರು, ಕುಮಟಾ

ಉತ್ತರ: ಪೇಂಟು. ಪೌಡರ್ ಕೋಟಿಂಗ್ ನೋಡಲು ಚೆಂದ, ಆದರೆ ಕಲ್ಲು ಬಡಿದು ಒಂದು ಚಕ್ಕೆ ಎದ್ದರೆ ಉಪ್ಪುನೀರು ಅದರಡಿ ತೂರಿ, ಹೊರಗೆ ಕಾಣದಂತೆ ತಿನ್ನುತ್ತ ಹೋಗುತ್ತದೆ. ಪೇಂಟಾದರೆ ಮನೆಯಲ್ಲೇ ಉಜ್ಜಿ ಮತ್ತೆ ಬಳಿಯಬಹುದು.

ಹೊಸ ಕಬ್ಬಿಣದ ಮೇಲಿನ ನೀಲಿಗಪ್ಪು ಪೊರೆಯನ್ನು ಫ್ಲಾಪ್ ಡಿಸ್ಕಿನಲ್ಲಿ ತೆಗೆದು ಬೆಳ್ಳಗೆ ಮಾಡಿ. ಆ ಪೊರೆಯ ಮೇಲೇ ಬಳಿದ ಪೇಂಟು ಪೊರೆಯ ಸಮೇತ ಏಳುತ್ತದೆ. ಥಿನ್ನರಿನಲ್ಲಿ ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಎರಡು ಕೋಟು. ಉಜ್ಜಿದ ಕಬ್ಬಿಣವನ್ನು ಕರಾವಳಿಯ ಗಾಳಿಯಲ್ಲಿ ರಾತ್ರಿ ಬಿಟ್ಟರೆ ಬೆಳಗ್ಗೆ ಕೆಂಪಾಗಿರುತ್ತದೆ. ಬಾಕ್ಸಿನ ಒಳಮೈಗೆ ಕೆಳಗಿನ ತೂತುಗಳಿಂದ ಗೇರ್ ಆಯಿಲ್ ಸಿಂಪಡಿಸಿ, ಬಂಪರನ್ನು ಎರಡೂ ಕಡೆ ವಾಲಿಸಿ ಒಳಗೆಲ್ಲ ಹರಡಿ. ನೀರು ಇಳಿಯುವ ತೂತು ಪ್ರತಿ ಭಾಗದ ಅತಿ ತಗ್ಗಿನಲ್ಲಿ ಒಂದೊಂದು ಇರಲೇಬೇಕು. ಹೊಳೆ ದಾಟಿ ಬಂದ ಮೇಲೆ ಆ ತೂತಿಗೆ ಕಡ್ಡಿ ಆಡಿಸಿ, ಕೆಸರು ಕಟ್ಟಿಕೊಂಡಿರುತ್ತದೆ.

ಪ್ರಶ್ನೆ: ಹೈಲಿಫ್ಟ್ ಜಾಕನ್ನು (ಉದ್ದ ಕಂಬದ ಮೇಲೆ ನಾಲಿಗೆ ಏರುವ ಎತ್ತರದ ಜಾಕು) ಮನೆಯಲ್ಲಿ ಮಾಡಿದ ಬಂಪರಿಗೆ ಕೊಟ್ಟು ಎತ್ತಬಹುದೇ?
— ಓದುಗರು, ಶಿರಸಿ

ಉತ್ತರ: ಬಾಕ್ಸ್ ಬಂಪರಾದರೆ, ಬ್ರಾಕೆಟ್ಟಿನ ಹತ್ತಿರ ಮಾತ್ರ. ರೆಕ್ಕೆಯ ತುದಿಗೆ ಕೊಟ್ಟರೆ ಬಾಗುತ್ತದೆ. ದುಂಡು ಪೈಪಿಗೆ ಕೊಟ್ಟರೆ ಜಾರುತ್ತದೆ. ಜಾಕಿನ ನಾಲಿಗೆಯ ಅಗಲ ಅಳೆದು, ಅದಕ್ಕಿಂತ 5 ಮಿ.ಮೀ. ಹೆಚ್ಚಿನ ಸಂದು ಬಿಟ್ಟು ಬಾಕ್ಸಿನ ಅಡಿಗೆ 6 ಮಿ.ಮೀ.ನ ಎರಡು ತುಂಡು ವೆಲ್ಡ್ ಮಾಡಿದರೆ ನಾಲಿಗೆ ಪಕ್ಕಕ್ಕೆ ಸರಿಯುವುದಿಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟೇ ಎತ್ತಿ, ಮತ್ತು ಜಾಕಿನ ಮೇಲಷ್ಟೇ ನಿಂತ ಗಾಡಿಯಡಿ ಯಾರೂ ಹೋಗಕೂಡದು.